ತೇವಾಂಶದ ಕಾಲಂ

ನಮೂನೆಯ ಮೂರನೇ ಸಾಲಿನಲ್ಲಿ ಒಂದು ಸಣ್ಣ ಚೌಕ.
ಉಷ್ಣಾಂಶ, ಒತ್ತಡ, ಆಮೇಲೆ ಅದು.
ಚಳಿಗಾಲದಲ್ಲಿ ಮೀಟರು ನೋಡದೆಯೇ ತುಂಬುತ್ತೇನೆ,
ಐವತ್ತೆರಡು, ಐವತ್ತು. ಯಾರೂ ಓದುವುದಿಲ್ಲ.
ಜುಲೈನ ವೆರ್ಣಾದಲ್ಲಿ ಮಾತ್ರ
ಪೆನ್ನು ಅಲ್ಲಿ ಬಂದು ನಿಲ್ಲುತ್ತದೆ.
ಕಾಗದವೇ ಮೆತ್ತಗಾಗಿದೆ, ಶಾಯಿ ಹಬ್ಬುತ್ತದೆ,
ಎಪ್ಪತ್ತೆಂಟು ಎಂದು ಬರೆದರೆ
ಬರೆದ ಮೇಲೂ ಒದ್ದೆ.

ತೇವ ಹೀರುವ ಯಂತ್ರ ಕೆಟ್ಟು ಮೂರು ದಿನ.
ಅದರ ಬಕೆಟ್ಟು ಖಾಲಿ, ನಮ್ಮ ಅಂಗಿ ತುಂಬಿದೆ.
ಚೇಂಬರಿನ ಗೋಡೆಯುದ್ದಕ್ಕೂ ನೀಲಿ ಪಿರಮಿಡ್ಡುಗಳು,
ಇದ್ದಿಲು ಕುಡಿದ ಸ್ಪಂಜು, ಮೊನೆ ನಮ್ಮ ಕಡೆಗೆ,
ಕಿವಿಗೆ ಕೇಳದ ಸದ್ದನ್ನು ನುಂಗಲೆಂದು ಕೂತವು.
ಈಗ ಗಾಳಿಯನ್ನೂ ನುಂಗುತ್ತಿವೆ.
ಕೆಳಸಾಲಿನ ತುದಿಗಳು ಬಾಗಿವೆ
ಡಬ್ಬಿಯ ಮುಚ್ಚಳ ಹಾಕಲು ಮರೆತ ಹಪ್ಪಳದ ಹಾಗೆ.

ಮೇಜಿನ ಮೇಲೆ ಪೋಂಡಾದಿಂದ ಬಂದ ಪೆಟ್ಟಿಗೆ:
ತಿಂಗಳು ತುಂಬದೆ ಹುಟ್ಟಿದ ಕೂಸುಗಳ ತೊಟ್ಟಿಲು.
ಒಳಗೆ ಕೂಸಿಲ್ಲ. ಒಂದು ಲೀಟರು ಉಪ್ಪುನೀರಿನ ಚೀಲ,
ಹೊಟ್ಟೆಗೆ ಸೆನ್ಸರ್ ಅಂಟಿಸಿಕೊಂಡು.
‘ನಿದ್ ರೆ ಬಾಳಾ’ ಎಂದು ಫುರ್ತಾದೊ ಬಾಗಿಲು ಎಳೆದ.
ಆಂಟೆನಾ ಏರಿತು, ಮೇಜು ತಿರುಗಿತು,
ಪರದೆಯ ಮೇಲೆ ಹುಲ್ಲು ಬೆಳೆದಂಥ ಗದ್ದಲ,
ನಡುವೆ ಒಂದೇ ಒಂದು ಗರಿಕೆ
ನೂರ ನಲವತ್ತನಾಲ್ಕು ಮೆಗಾಹರ್ಟ್ಸ್‌ನಲ್ಲಿ
ಕೆಂಪು ಗೆರೆ ದಾಟಿ ನಿಂತಿತು.
ಮೂರು ಡೆಸಿಬೆಲ್.
ಮೇ ತಿಂಗಳಲ್ಲಿ ಇದೇ ಪೆಟ್ಟಿಗೆ ಬಾಯಿ ಬಿಟ್ಟಿರಲಿಲ್ಲ.

ಕುಂಕಳ್ಯೇಕಾರರು ಮಳೆಕೋಟು ಬಿಚ್ಚದೆ ಹೇಳಿದರು:
‘ಹವೆ, ಬಾಯೀ. ಎಲ್ಲ ಈ ಹವೆಯದೇ ಕೆಲಸ.
ನಿಮ್ಮ ಕೋಣೆ ಎಪ್ಪತ್ತೆಂಟು, ನಿಮ್ಮ ಗೋಡೆ ಒದ್ದೆ.
ಡಿಸೆಂಬರಿನಲ್ಲಿ ಮತ್ತೆ ತರುತ್ತೇನೆ,
ಇವತ್ತಿನದು ಬರೆಯಬೇಡಿ.’
ಕೋಟಿನಿಂದ ನೀರು ತೊಟ್ಟಿಕ್ಕಿ
ಅವರ ಮಾತಿಗೆ ಸಾಕ್ಷಿ ಹೇಳುತ್ತಿತ್ತು.

ಇಷ್ಟು ತಗ್ಗಿನ ಅಲೆಗೆ ಮೂರು ಮೀಟರಿನ ನೀರಾವಿ
ಲೆಕ್ಕಕ್ಕಿಲ್ಲ ಎನ್ನುತ್ತದೆ ಪುಸ್ತಕ.
ಪುಸ್ತಕ ವೆರ್ಣಾದಲ್ಲಿ ಬಾಡಿಗೆಗಿಲ್ಲ.
ನನ್ನ ಕೋಣೆಯಲ್ಲಿ ಉಪ್ಪು ನೀರಾಗುತ್ತದೆ,
ಬೆಳಗಿನ ಪೊಯಿ ಸಂಜೆಗೆ ಚಪ್ಪಲಿಯ ತೊಗಲು,
ಬೆಲ್ಟಿನ ಮೇಲೆ ಹಸಿರು ಬೂಷ್ಟು.
ಈ ಗಾಳಿ ಯಾವುದನ್ನೂ ಒಡೆಯುವುದಿಲ್ಲ,
ಸಡಿಲ ಮಾಡುತ್ತದೆ, ಅಷ್ಟೆ.

ಮೊದಲು ನಮ್ಮನ್ನೇ ಅನುಮಾನಿಸಿದೆವು.
ಎಷ್ಟು ಕೂಗುತ್ತದೆಂದು ಗೊತ್ತಿರುವ ಪುಟ್ಟ ಡಬ್ಬಿಯನ್ನು
ಅದೇ ಜಾಗದಲ್ಲಿಟ್ಟು ಕೇಳಿದೆವು.
ಮೇಗೂ ಇವತ್ತಿಗೂ ಅರ್ಧ ಡೆಸಿಬೆಲ್.
ಗೋಡೆ ನಿರಪರಾಧಿ, ಹೆಚ್ಚು ಕಡಿಮೆ.

ಆಮೇಲೆ ಬೆನ್ನಿನ ತಗಡು ಬಿಚ್ಚಿದೆವು.
ಎಂಟು ತಿರುಪು. ಏಳು ಹೊಳೆಯುತ್ತಿದ್ದವು.
ಎಂಟನೆಯದರ ಅಡಿಯಲ್ಲಿ
ಸುಣ್ಣದಂಥ ಬಿಳಿ ಪುಡಿ, ಉಗುರಿನಷ್ಟು.
ಕಡಲು ಮಳೆಯ ಕೈಯಲ್ಲಿ ಕಳಿಸಿದ ಉಪ್ಪು
ಲೋಹ ಲೋಹವನ್ನು ಮುಟ್ಟದಂತೆ ನಡುವೆ ಕೂತಿತ್ತು,
ಆ ಸಂದಿಯಿಂದಲೇ ಗಡಿಯಾರದ ಚಿಪ್ಪು
ಹೊರಗೆ ಮಾತಾಡುತ್ತಿತ್ತು.
ಮರಳು ಕಾಗದದಲ್ಲಿ ಉಜ್ಜಿ, ಬಿಗಿದು, ಮತ್ತೆ ಓಡಿಸಿದೆವು.
ಗರಿಕೆ ಮಲಗಿತು.

‘ನೋಡಿ, ಪಾಸು! ಇದನ್ನೇ ಬರೆಯಿರಿ.’
ಎರಡನ್ನೂ ಬರೆದೆ. ಸೋತದ್ದು, ಉಜ್ಜಿದ್ದು.
ಕೇಳಿದೆ: ಈಗಾಗಲೇ ಎಷ್ಟು ಕೊಟ್ಟಿದ್ದೀರಿ?
‘ನಲವತ್ತು.’ ಯಾವ ಊರಿಗೆ?
ಅವರು ಟೋಪಿ ತೆಗೆದರು. ಎಲ್ಲ ಕರಾವಳಿ.

ಜುಲೈನಲ್ಲೂ ಹುಟ್ಟುತ್ತವೆ.
ತೆಳು ಚರ್ಮದವಕ್ಕೆ ಪೆಟ್ಟಿಗೆಯೇ
ಎಂಬತ್ತರ ತೇವ ಕಟ್ಟಿಕೊಡುತ್ತದೆ,
ಪಕ್ಕದ ಹಾಸಿಗೆಯ ಎದೆಬಡಿತದ ಪರದೆ
ನೂರ ನಲವತ್ತನಾಲ್ಕರಲ್ಲಿ ಏನು ಕೇಳಿಸಿಕೊಂಡೀತು,
ನನಗೆ ಗೊತ್ತಿಲ್ಲ.

ಚೌಕಕ್ಕೆ ಹಿಂತಿರುಗಿ, ಮೀಟರು ನೋಡಿ,
ಎಪ್ಪತ್ತೊಂಬತ್ತು ಎಂದು ತಿದ್ದಿದೆ.
ಫುರ್ತಾದೊ ಚೀಲ ಎತ್ತಿ ನನ್ನ ಕೈಗಿಟ್ಟ.
ಮೂವತ್ತಾರೂವರೆ ಡಿಗ್ರಿ.
ಎಲ್ಲಿಡಬೇಕೆಂದು ತೋಚದೆ
ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡು ನಿಂತಿದ್ದೆ.